ತಲೆ ಬಾಚುವ ಹೊತ್ತು

“ಗುರುಗಳೇ, ದಿನವೂ ದೇವರ ಮುಂದೆ ಕೂರುತ್ತೇನೆ. ಯಾಕೆ ಕೂರುತ್ತೇನೆಂದು ನನಗೇ ತಿಳಿಯದಾಗಿದೆ,” ಎಂದ ನಿಂಗಯ್ಯ.

ಬೆಳಗಿನ ಪೂಜೆ ಮುಗಿದಿತ್ತು. ಗುರುಗಳು ಮಠದ ಜಗುಲಿಯಲ್ಲಿ ವಿಭೂತಿ ಗಟ್ಟಿಗಳನ್ನು ಒಣಗಲು ಇಡುತ್ತಿದ್ದರು. ಕೈ ನಿಲ್ಲಿಸಿ ಶಿಷ್ಯನ ಮುಖ ನೋಡಿದರು.

ನಿಂಗಯ್ಯ ಹೇಳಿದ: “ಮೊದಲು ಹೀಗಿರಲಿಲ್ಲ. ತಂಗಿಗೆ ಮೈ ಸರಿಯಿರಲಿಲ್ಲ. ಅವಳಿಗಾಗಿ ಕೇಳಿಕೊಳ್ಳುತ್ತಿದ್ದೆ. ಅವಳು ಗುಣವಾದಳು. ಆಮೇಲೆ ನನಗೆ ಬೇಕಾದ್ದನ್ನು ಕೇಳಿದೆ. ಕೆಲವು ಸಿಕ್ಕವು, ಕೆಲವು ಸಿಗಲಿಲ್ಲ. ಈಗ ಕೇಳುವುದಕ್ಕೇ ಏನೂ ತೋಚುವುದಿಲ್ಲ. ಬಾಯಿ ಮಂತ್ರ ಹೇಳುತ್ತದೆ, ಮನಸ್ಸು ಅಡುಗೆಮನೆಯಲ್ಲಿರುತ್ತದೆ. ಕೈಕಾಲು ತೊಳೆಯುವ ಹಾಗೆ ಇದೂ ಒಂದು ರೂಢಿಯಾಗಿಬಿಟ್ಟಿದೆ. ಬರೀ ರೂಢಿಗೆ ದೇವರ ಮುಂದೆ ಹೋಗಿ ಕೂರುವುದು ಅವನಿಗೆ ಅವಮಾನವಲ್ಲವೇ? ಅದಕ್ಕಿಂತ ಬಿಟ್ಟುಬಿಡುವುದೇ ಮೇಲಲ್ಲವೇ?”

ಗುರುಗಳು “ಕೂತುಕೋ,” ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಮಾನಪ್ಪನೆಂಬ ಕಂಚುಗಾರನಿದ್ದ. ಅವನ ಹೆಂಡತಿ ತೀರಿಕೊಂಡಳು. ಬನವ್ವ ಎಂಬ ಒಬ್ಬಳೇ ಮಗಳು ಉಳಿದಳು. ಆಗಿನ್ನೂ ಅವಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸು.

ಬನವ್ವನ ಕೂದಲು ಬಹಳ ಉದ್ದ, ಬಹಳ ದಟ್ಟ. ತಾಯಿಗೂ ಹಾಗೇ ಇತ್ತು. ತಾಯಿ ಇರುವವರೆಗೆ ದಿನವೂ ಸಂಜೆ, ದೀಪ ಹಚ್ಚುವುದಕ್ಕೆ ಮೊದಲು, ಹಿತ್ತಲ ಹೊಸ್ತಿಲಲ್ಲಿ ಕೂರಿಸಿಕೊಂಡು ಬಾಚಿ ಜಡೆ ಹೆಣೆಯುತ್ತಿದ್ದಳು. ತಾಯಿ ಹೋದ ಮೇಲೆ ಆ ತಲೆಗೆ ಯಾರ ಕೈಯೂ ತಾಗಲಿಲ್ಲ. ಮಾನಪ್ಪ ಒಂದೆರಡು ಸಲ ಯತ್ನಿಸಿದ. ಕಂಚು ಬಡಿದು ಒರಟಾದ ಕೈ. ಹುಡುಗಿ ಚೀರಿ ಓಡಿಹೋದಳು. ಕೂದಲು ಗಂಟುಗಂಟಾಗಿ ಜಡೆಗಟ್ಟಿತು, ಹೇನು ಬಿದ್ದಿತು.

ವರ್ಷ ಕಳೆದ ಮೇಲೆ ಮಾನಪ್ಪ ಮತ್ತೆ ಮದುವೆಯಾದ. ಬಂದವಳ ಹೆಸರು ಕಾಳಮ್ಮ. ಮದುವೆಯ ವಯಸ್ಸು ಮೀರಿ ಅಣ್ಣನ ಮನೆಯಲ್ಲಿ ಉಳಿದುಹೋಗಿದ್ದ ಹೆಣ್ಣು. ಮಾತು ಕಡಿಮೆ.

ಬನವ್ವ ಅವಳನ್ನು ಅವ್ವ ಎನ್ನಲಿಲ್ಲ. ಅವ್ವ ಎನ್ನುವುದಿರಲಿ, ಏನೆಂದೂ ಕರೆಯಲಿಲ್ಲ. ಹಸಿವಾದರೆ ತಂದೆಯ ಹತ್ತಿರ ಹೋಗಿ, “ಅಡುಗಿ ಆಗೇತೇನು ಕೇಳು,” ಎನ್ನುತ್ತಿದ್ದಳು. ಕಾಳಮ್ಮ ಪಕ್ಕದಲ್ಲೇ ನಿಂತಿದ್ದರೂ ಹೀಗೇ. ಕಾಳಮ್ಮ ಕೂತ ಚಾಪೆಯಲ್ಲಿ ಕೂರುತ್ತಿರಲಿಲ್ಲ. ಕಾಳಮ್ಮ ಮುಂದಿನ ಬಾಗಿಲಲ್ಲಿದ್ದರೆ ಹಿಂದಿನ ಬಾಗಿಲಿಂದ ಬರುತ್ತಿದ್ದಳು.

ಒಂದು ದಿನ ಮಾನಪ್ಪನ ಅಕ್ಕ ಬಂದಳು. ಹುಡುಗಿಯ ತಲೆ ನೋಡಿ ಮೂಗಿನ ಮೇಲೆ ಬೆರಳಿಟ್ಟಳು. “ಇದನ್ನ ಬಾಚಾಕ ಯಾರಿಂದಲೂ ಆಗೂದಿಲ್ಲ. ಬುಡಕ್ಕ ಕತ್ತರಿಸಿಬಿಡ್ರಿ,” ಎಂದು ಕತ್ತರಿ ತರಿಸಿದಳು. ಬನವ್ವ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮೂಲೆ ಸೇರಿದಳು. ಅಳಲಿಲ್ಲ.

ಕಾಳಮ್ಮ ಗಂಡನ ಅಕ್ಕನ ಕೈಯಿಂದ ಕತ್ತರಿ ತೆಗೆದುಕೊಂಡು ಗೋಡೆಯ ಗೂಡಿನಲ್ಲಿಟ್ಟಳು. “ಬ್ಯಾಡ ಅಕ್ಕಾ. ಅದು ಅವರವ್ವ ಬಾಚಿದ ಕೂದಲು,” ಎಂದಳು.

ಆ ಸಂಜೆ ಕಾಳಮ್ಮ ಹಿತ್ತಲ ಹೊಸ್ತಿಲಲ್ಲಿ ಎಣ್ಣೆಬಟ್ಟಲು, ಬಾಚಣಿಗೆ ಇಟ್ಟುಕೊಂಡು ಕೂತಳು. ಹುಡುಗಿಯನ್ನು ಕರೆಯಲಿಲ್ಲ. ತುಸು ಹೊತ್ತಿನ ಮೇಲೆ ಬನವ್ವ ಬಂದಳು. ಬೆನ್ನು ತಿರುಗಿಸಿ ಒಂದು ಮೆಟ್ಟಿಲು ಕೆಳಗೆ ಕೂತಳು.

ಗಂಟು ಒಂದೇ ದಿನಕ್ಕೆ ಬಿಡುವಂಥದಾಗಿರಲಿಲ್ಲ. ಕಾಳಮ್ಮ ದಿನಕ್ಕಿಷ್ಟು ಎಂದು ಎಳೆಎಳೆಯಾಗಿ ಬಿಡಿಸಿದಳು. ನೋಯಬಾರದೆಂದು ಕೂದಲ ಬುಡವನ್ನು ಒಂದು ಕೈಯಲ್ಲಿ ಹಿಡಿದು, ತುದಿಯಿಂದ ಮೇಲಕ್ಕೆ ಬಾಚುತ್ತಿದ್ದಳು. ಆದರೂ ಆಗಾಗ ನೋಯುತ್ತಿತ್ತು. ಆಗ ಹುಡುಗಿಯ ಹೆಗಲು ಬಿಗಿಯುತ್ತಿತ್ತು. ಕಾಳಮ್ಮ ಕೈ ನಿಲ್ಲಿಸಿ, ಹೆಗಲು ಸಡಿಲವಾಗುವವರೆಗೆ ಕಾದು, ಮತ್ತೆ ಬಾಚುತ್ತಿದ್ದಳು. ಬಾಚಿ ಮುಗಿದ ಕೂಡಲೇ ಬನವ್ವ ಎದ್ದು ಹೋಗುತ್ತಿದ್ದಳು. ಹಿಂತಿರುಗಿ ನೋಡುತ್ತಿರಲಿಲ್ಲ.

ಗಂಟೆಲ್ಲ ಬಿಟ್ಟಿತು. ಹೇನು ಹೋಯಿತು. ದಿನವೂ ಸಂಜೆಗೆ ಅವಳು ಬರುವುದು ಮಾತ್ರ ನಡೆದೇ ಇತ್ತು. ಅಷ್ಟು ಕೂದಲನ್ನು ಅವಳು ತಾನೇ ಬಾಚಿಕೊಳ್ಳುವಂತಿರಲಿಲ್ಲ. ಅದಕ್ಕೇ ಬರುತ್ತಿದ್ದಳು.

ಪಕ್ಕದ ಮನೆಯವಳು ಬೇಲಿಯಾಚೆಯಿಂದ ಇದನ್ನು ನೋಡುತ್ತಿದ್ದಳು. ಒಮ್ಮೆ ಕೇಳಿಯೇಬಿಟ್ಟಳು: “ಅಲ್ಲ ಕಾಳಮ್ಮಾ, ನಿನ್ನ ಜೋಡಿ ಒಂದು ಮಾತಿಲ್ಲ, ಕತಿ ಇಲ್ಲ. ಆಕಿ ಬರೂದು ಬಾಚಣಿಗೀಗೆ, ನಿನಗಲ್ಲ. ನಿನಗ ಬ್ಯಾಸರ ಆಗೂದಿಲ್ಲೇನು?”

“ಬಾಚಣಿಗೀಗಾದರೂ ಬರ್ತಾಳಲ್ಲ,” ಎಂದಳು ಕಾಳಮ್ಮ.

ಬರಬರುತ್ತ ಬನವ್ವ ಮಾತಾಡತೊಡಗಿದಳು. ಮಾತೆಂದರೆ ಬೇಡಿಕೆ. ಮುಖ ಅತ್ತಲಾಗಿಯೇ ಇರುತ್ತಿತ್ತು. ಕೆಂಪು ಟೇಪು ಬೇಕು ಎನ್ನುತ್ತಿದ್ದಳು. ಅಬ್ಬಲಿಗೆ ಹೂ ಬೇಕು, ಗೆಳತಿಯರ ಸಂಗಡ ಹೊಳೆಗೆ ಹೋಗಬೇಕು ಎನ್ನುತ್ತಿದ್ದಳು. ಕಾಳಮ್ಮ ಆಗುವುದಕ್ಕೆ ಹೂಂ ಎನ್ನುತ್ತಿದ್ದಳು. ಹೊಳೆ ತುಂಬಿದಾಗ ಹೋಗುತ್ತೇನೆಂದರೆ ಬೇಡ ಎಂದಳು. ಬನವ್ವನಿಗೆ ಸಿಟ್ಟು ಬಂತು. ಮರುದಿನ ಗೆಳತಿಯ ಮನೆಗೆ ಹೋಗಿ ತಲೆ ಬಾಚಿಸಿಕೊಂಡಳು. ಕಾಳಮ್ಮ ಬಾಚಣಿಗೆ ಹಿಡಿದು ಹೊಸ್ತಿಲಲ್ಲಿ ಕೂತೇ ಇದ್ದಳು. ಕತ್ತಲಾಗುತ್ತ ಬಂದ ಮೇಲೆ ಎದ್ದು ದೀಪ ಹಚ್ಚಿದಳು.

ಆ ಗೆಳತಿಗೆ ಅಷ್ಟು ಕೂದಲು ಬಾಚಿ ಅಭ್ಯಾಸವಿರಲಿಲ್ಲ. ರಾತ್ರಿ ಮಲಗಿ ಏಳುವಷ್ಟರಲ್ಲಿ ಜಡೆ ಬಿಚ್ಚಿ ಮತ್ತೆ ಗಂಟಾಯಿತು. ಮಾರನೆಯ ಸಂಜೆ ಬನವ್ವ ಬಂದು ತನ್ನ ಜಾಗದಲ್ಲಿ ಕೂತಳು. ನಿನ್ನೆ ಎಲ್ಲಿಗೆ ಹೋಗಿದ್ದೆ ಎಂದು ಕಾಳಮ್ಮ ಕೇಳಲಿಲ್ಲ. ಗಂಟು ಬಿಡಿಸಿದಳು.

ಹೀಗೆ ಕೆಲವು ವರ್ಷ ನಡೆಯಿತು. ಬನವ್ವ ದೊಡ್ಡವಳಾದಳು. ಜಡೆ ಮೊಣಕಾಲು ಮುಟ್ಟಿತು. ನೀರಿಗೆ ಹೋದರೆ ಹೆಂಗಸರು ಅವಳ ಜಡೆಯನ್ನು ಮುಟ್ಟಿ ನೋಡುತ್ತಿದ್ದರು. ಆಗ ಅವಳು, “ನಮ್ಮವ್ವನದೂ ಹಿಂಗೇ ಇತ್ತು,” ಎನ್ನುತ್ತಿದ್ದಳು. ತಾಯಿಯದೆಂದು ಅವಳ ಬಳಿ ಉಳಿದಿದ್ದುದು ಅದೊಂದೇ.

ಆ ವರ್ಷ ಊರಿಗೆ ಜ್ವರ ಬಂತು. ಬನವ್ವನೂ ಮಲಗಿದಳು. ಜ್ವರ ಇಳಿಯಲಿಲ್ಲ. ಕಣ್ಣು ಬಿಡುವುದು ನಿಂತಿತು. ಆಗಾಗ ಏನೋ ಬಡಬಡಿಸುತ್ತಿದ್ದಳು. ವೈದ್ಯ ಬಂದು ನೋಡಿದ. “ಜ್ವರ ನೆತ್ತಿಗೇರಿದೆ. ತಲೆಗೆ ಲೇಪ ಕಟ್ಟಬೇಕು. ಈ ಕೂದಲಿದ್ದರೆ ಲೇಪ ತಾಗುವುದಿಲ್ಲ. ತೆಗೆದುಬಿಡಿ. ತಡಮಾಡಿದರೆ ನನ್ನ ಕೈಯಲ್ಲಿಲ್ಲ,” ಎಂದ.

ಮಾನಪ್ಪ ಗೋಡೆಗೆ ಒರಗಿ ನಿಂತ. ಕಾಳಮ್ಮ ಎದ್ದು ಕತ್ತರಿ, ಕ್ಷೌರದ ಕತ್ತಿ ತಂದಳು.

“ನೀ ಮಾಡಬ್ಯಾಡ,” ಎಂದ ಮಾನಪ್ಪ. “ಹಡಪದವನನ್ನ ಕರೀತೀನಿ. ಎದ್ದ ಮ್ಯಾಲೆ ಬೈದರ ಅವನನ್ನ ಬೈಲಿ. ನೀನು ಮಾಡಿದ್ದು ಗೊತ್ತಾದರ ಮತ್ತ ನಿನ್ನ ಮುಖ ನೋಡೂದಿಲ್ಲ ಆಕಿ.”

“ನೋಡದಿದ್ದರ ಬಿಡಲಿ. ಏಳಲಿ,” ಎಂದಳು ಕಾಳಮ್ಮ. “ಈ ತಲಿ ಎಲ್ಲಿ ಮುಟ್ಟಿದರ ನೋಯ್ತದ ಅಂತ ನನಗ ಗೊತ್ತು. ಅವಗ ಗೊತ್ತಿಲ್ಲ.”

ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳೇ ಕತ್ತರಿಸಿದಳು. ಅವಳೇ ಬೋಳಿಸಿದಳು. ಒಂದು ಗೀರೂ ಆಗಲಿಲ್ಲ. ಲೇಪ ಕಟ್ಟಿದಳು. ಕತ್ತರಿಸಿದ ಜಡೆಯನ್ನು ಹೊಳೆಗೆ ಬಿಟ್ಟು ಬಾ ಎಂದು ಗಂಡನ ಕೈಗೆ ಕೊಟ್ಟಳು. ಆಮೇಲೆ ಹುಡುಗಿಯ ಪಕ್ಕದಲ್ಲಿ ಕೂತು ಲೇಪ ಒಣಗದಂತೆ ನೀರು ಚಿಮುಕಿಸುತ್ತಿದ್ದಳು. ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ.

ಜ್ವರ ಇಳಿಯಿತು. ಒಂದು ಮುಂಜಾನೆ ಬನವ್ವ ಕಣ್ಣು ಬಿಟ್ಟಳು. ಗಂಜಿ ಕುಡಿದಳು. ಆಮೇಲೆ ಅವಳ ಕೈ ತಲೆಗೆ ಹೋಯಿತು. ಅಲ್ಲೇ ನಿಂತಿತು.

“ಯಾರು?” ಎಂದಳು.

ಮಾನಪ್ಪ ಬಾಯಿ ತೆರೆಯುವುದರೊಳಗೆ ಕಾಳಮ್ಮ ಹೇಳಿದಳು, “ನಾನು.”

ಬನವ್ವ ಗೋಡೆಯ ಕಡೆ ತಿರುಗಿ ಮಲಗಿದಳು.

ಕತೆಯ ನಡುವೆ ನಿಂಗಯ್ಯ ಕೇಳಿದ, “ಜೀವ ಉಳಿಸಿದವಳಲ್ಲವೇ? ಯಾರೂ ಅವಳಿಗೆ ತಿಳಿಸಿ ಹೇಳಲಿಲ್ಲವೇ?”

“ಮಾನಪ್ಪ ಹೇಳಿದ. ವೈದ್ಯನೂ ಹೇಳಿದ. ಆಕೆಗೆ ತಿಳಿಯದ್ದೇನೂ ಅಲ್ಲ. ತಿಳಿದರೂ ದುಃಖ ದುಃಖವೇ,” ಎಂದು ಗುರುಗಳು ಕತೆ ಮುಂದುವರಿಸಿದರು.

ದಿನಗಳು ಹೋದವು. ಬನವ್ವ ಗಂಜಿ ಕುಡಿಯುತ್ತಿದ್ದಳು, ಔಷಧ ತೆಗೆದುಕೊಳ್ಳುತ್ತಿದ್ದಳು, ಮಾತಾಡುತ್ತಿರಲಿಲ್ಲ. ಸೆರಗು ತಲೆಯ ಮೇಲಿಂದ ಜಾರಲು ಬಿಡುತ್ತಿರಲಿಲ್ಲ. ಕಣ್ಣಿಗೆ ಬಿದ್ದರೆ ನೋವಾದೀತೆಂದು ಕಾಳಮ್ಮ ಬಾಚಣಿಗೆಯನ್ನು ಪೆಟ್ಟಿಗೆಯೊಳಗಿಟ್ಟಳು. ಸಂಜೆಯಾದರೆ ಅವಳ ಕೈಗೆ ಕೆಲಸವಿರಲಿಲ್ಲ. ಆದರೂ ಹಿತ್ತಲ ಹೊಸ್ತಿಲಿಗೆ ಹೋಗಿ ಕೂರುತ್ತಿದ್ದಳು. ಮೊರದಲ್ಲಿ ಸೊಪ್ಪು ಸೋಸುತ್ತಿದ್ದಳು.

ಒಂದು ಸಂಜೆ ಒಳಗೆ ಹೆಜ್ಜೆಯ ಸಪ್ಪಳವಾಯಿತು. ಬನವ್ವ ಗೋಡೆ ಹಿಡಿದುಕೊಂಡು ನಿಧಾನವಾಗಿ ಬರುತ್ತಿದ್ದಳು. ಕಾಲಲ್ಲಿ ಇನ್ನೂ ಬಲವಿರಲಿಲ್ಲ. ಕಾಳಮ್ಮ ಸರಿದು ದಾರಿ ಬಿಟ್ಟಳು. ಹಿತ್ತಲಿಗೆ ಹೋಗಬೇಕೇನೋ ಎಂದುಕೊಂಡಳು. ಬನವ್ವ ಹಿತ್ತಲಿಗೆ ಹೋಗಲಿಲ್ಲ. ಬೆನ್ನು ತಿರುಗಿಸಿ, ಒಂದು ಮೆಟ್ಟಿಲು ಕೆಳಗೆ, ತನ್ನ ಜಾಗದಲ್ಲಿ ಕೂತಳು.

ಕಾಳಮ್ಮನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕೈ ತಾನಾಗಿ ಎದ್ದಿತು. ಹಿಡಿಯುವುದಕ್ಕೆ ಕೂದಲಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡಳು.

“ಬಾಚಾಕ ಏನೂ ಇಲ್ಲಲ್ಲ, ತಾಯಿ,” ಎಂದಳು.

“ಗೊತ್ತು.”

“ಮತ್ತ ಯಾಕ ಬಂದಿ?”

ಬನವ್ವ ಬಹಳ ಹೊತ್ತು ಯೋಚಿಸಿದಳು.

“ಹೊತ್ತಾತು. ಬಂದೆ,” ಎಂದಳು.

ಕಾಳಮ್ಮ ಮತ್ತೆ ಕೇಳಲಿಲ್ಲ. ಗೂಡಿಗೆ ಹೋಗುವ ಹಕ್ಕಿಗಳು ಹೋದವು. ಬನವ್ವನ ತಲೆಯಿಂದ ಸೆರಗು ಜಾರಿತು. ಅವಳು ಎತ್ತಿಕೊಳ್ಳಲಿಲ್ಲ. ನಿಧಾನವಾಗಿ ಹಿಂದಕ್ಕೆ ಒರಗಿ, ಬೋಳು ತಲೆಯನ್ನು ಕಾಳಮ್ಮನ ಮೊಣಕಾಲಿನ ಮೇಲಿಟ್ಟಳು. ಕಾಳಮ್ಮ ಅದರ ಮೇಲೆ ಅಂಗೈ ಇಟ್ಟಳು. ಅಷ್ಟು ವರ್ಷ ಆ ತಲೆಯನ್ನು ಬಾಚಿದ್ದ ಕೈಗೆ, ಜ್ವರದ್ದಲ್ಲದ ಅದರ ಬಿಸುಪು ಅವತ್ತೇ ತಿಳಿಯಿತು.

ಒರಗಿದ್ದರಿಂದ ಬನವ್ವನ ಮುಖ ಮೇಲಕ್ಕಾಗಿತ್ತು. ಹೊಸ್ತಿಲಲ್ಲಿ ಕೂತು ಅವಳು ಕಾಳಮ್ಮನ ಮುಖ ನೋಡಿದ್ದು ಅದೇ ಮೊದಲು. ಆ ಮುಖ ಬಹಳ ಸೊರಗಿತ್ತು. ಕಣ್ಣ ಸುತ್ತ ಕಪ್ಪಾಗಿತ್ತು. ಕಾಯಿಲೆ ಬಿದ್ದವರು ಯಾರೆಂದು ತಿಳಿಯದ ಹಾಗಿತ್ತು. ಬನವ್ವ ನೋಡುತ್ತಲೇ ಇದ್ದಳು.

“ಅವ್ವಾ, ದೀಪ ಹಚ್ಚೂದಿಲ್ಲೇನು?” ಎಂದು ಕೊನೆಗೆ ಕೇಳಿದಳು.

“ಹಚ್ಚೋಣ. ಇವತ್ತು ಸ್ವಲ್ಪ ತಡ ಆಗಲಿ,” ಎಂದಳು ಕಾಳಮ್ಮ.

ಗುರುಗಳು ಕತೆ ನಿಲ್ಲಿಸಿ ವಿಭೂತಿಯ ಗಟ್ಟಿಗಳತ್ತ ತಿರುಗಿದರು. ನಿಂಗಯ್ಯ ಕಣ್ಣೊರೆಸಿಕೊಂಡ. ಆದರೆ ಅವನ ಸಂಶಯ ಪೂರ್ತಿ ಹೋಗಿರಲಿಲ್ಲ.

“ಗುರುಗಳೇ, ಹಾಗಾದರೆ ಆ ಸಂಜೆ ಬಂದದ್ದೇ ನಿಜವಾಗಿ ಬಂದದ್ದು. ಅದಕ್ಕೆ ಮೊದಲು ಬಾಚಣಿಗೆಗಾಗಿ, ಟೇಪಿಗಾಗಿ, ಬರೀ ರೂಢಿಗಾಗಿ ಬಂದ ದಿನಗಳೆಲ್ಲ ವ್ಯರ್ಥವೇ?” ಎಂದು ಕೇಳಿದ.

“ಅಷ್ಟು ದಿನ ಬಾರದೇ ಇದ್ದಿದ್ದರೆ, ಆ ಸಂಜೆ ಎಲ್ಲಿಗೆ ಬಂದು ಕೂರಬೇಕೆಂದು ಅವಳ ಕಾಲಿಗೆ ಯಾರು ಹೇಳುತ್ತಿದ್ದರು, ನಿಂಗಯ್ಯ?” ಎಂದರು ಗುರುಗಳು.