ಕಟ್ಟು ಬಿಚ್ಚದ ಅಕ್ಕಿ ಮುಡಿಗಳು

"ಗುರುಗಳೇ, ಕಡಲಿನ ಆಚೆ ಇರುವವರಿಗೆ ಕೊಡುವ ದಾನವನ್ನು ಯಾರ ಕೈಗೆ ಒಪ್ಪಿಸಬೇಕು? ಅದು ಅವರನ್ನು ತಲುಪುತ್ತದೆಂದು ಹೇಗೆ ನಂಬಬೇಕು?" ಎಂದು ಶಿಷ್ಯ ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಕಡಲಾಚೆಯ ಒಂದು ನಾಡಿನಲ್ಲಿ ಭೂಮಿ ನಡುಗಿ ಊರುಗಳು ನೆಲಕಚ್ಚಿದ್ದವು. ಸುದ್ದಿ ಬಂದ ದಿನವೇ ಶಿಷ್ಯ ಮನೆಮನೆ ತಿರುಗಿ ಕಂಬಳಿ, ಬಟ್ಟೆ, ಹುರಿಹಿಟ್ಟು ಕೂಡಿಸಿ ಮಠದ ಜಗಲಿಯಲ್ಲಿ ಪೇರಿಸಿದ್ದ. ಒಯ್ದು ಕೊಡುತ್ತೇವೆಂದು ಮೂವರು ಮುಂದೆ ಬಂದಿದ್ದರು. ಮೊದಲನೆಯವನು ಬಾಯಿಬಡುಕ. ಎರಡನೆಯವನ ಅಣ್ಣ ಹಿಂದೆ ಯಾರಿಗೋ ಕೈಕೊಟ್ಟಿದ್ದನಂತೆ. ಮೂರನೆಯವನು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳಿದ. ಅಷ್ಟು ಸರಿಯಾಗಿ ಹೇಳಿದ್ದೇ ಶಿಷ್ಯನಿಗೆ ಅನುಮಾನ ತಂದಿತು. ಮೂವರನ್ನೂ ವಾಪಸು ಕಳಿಸಿದ್ದ. ಹೀಗೆ ಇಪ್ಪತ್ತು ದಿನ ಕಳೆದಿತ್ತು.

ಗುರುಗಳು ಜಗಲಿಯ ಕಡೆ ಒಮ್ಮೆ ನೋಡಿ, ಹೇಳತೊಡಗಿದರು.

ಒಂದು ಬಂದರಿನಲ್ಲಿ ಒಬ್ಬ ಅಕ್ಕಿ ವ್ಯಾಪಾರಿಯಿದ್ದ. ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕತೆಯಲ್ಲಿ ಕೆಟ್ಟವರನ್ನು ಹುಡುಕುತ್ತ ಕೂತರೆ ನಿನ್ನ ಕೈಗೆ ಹೆಚ್ಚೇನೂ ಸಿಗುವುದಿಲ್ಲ. ಆ ಬಂದರಿನಿಂದ ಹನ್ನೆರಡು ದಿನದ ದಾರಿಯಲ್ಲಿ ಒಂದು ದ್ವೀಪವಿತ್ತು. ಅಲ್ಲಿಂದ ತೆಂಗಿನ ನಾರು, ಒಣಮೀನು ಬರುತ್ತಿದ್ದವು. ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ವ್ಯಾಪಾರಿ ಆ ದ್ವೀಪವನ್ನು ಕಣ್ಣಾರೆ ಕಂಡವನಲ್ಲ.

ಒಂದು ವರ್ಷ ಕಡಲು ಉಕ್ಕಿ ದ್ವೀಪದ ಮೇಲೆ ಹರಿಯಿತು. ಸುದ್ದಿ ಕೇಳಿದ ದಿನ ವ್ಯಾಪಾರಿಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಮರುದಿನವೇ, ಹೊರಟು ನಿಂತಿದ್ದ ಹಡಗಿಗೆ ನಲವತ್ತು ಮುಡಿ ಅಕ್ಕಿ ಹೇರಿಸಿದ. ಆ ಹಡಗನ್ನು ನಡೆಸುವ ತಂಡೇಲನಿಗೆ ಕೈಮುಗಿದು, "ಹಸಿದವರಿಗೆ ಕೊಟ್ಟುಬಿಡು ಮಾರಾಯ" ಎಂದ. ಅವನು ಯಾರು, ಎಂಥವನು ಎಂದು ವಿಚಾರಿಸಲಿಲ್ಲ. ವಿಚಾರಿಸಬೇಕೆಂದು ಅವನಿಗೆ ಹೊಳೆಯಲೂ ಇಲ್ಲ.

ಮುಡಿ ಕಟ್ಟುವುದನ್ನು ನೀನು ನೋಡಿದ್ದೀಯಲ್ಲ? ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು ಗುಂಡಗೆ ಮಾಡುತ್ತಾರೆ. ಕಟ್ಟುವ ಕೈ ಒಬ್ಬೊಬ್ಬರದು ಒಂದೊಂದು ಬಗೆ. ಒಮ್ಮೆ ಬಿಚ್ಚಿದರೆ ಬೇರೆಯವರು ಅದನ್ನು ಮೊದಲಿನಂತೆ ಕಟ್ಟಲಾರರು. ತಿಳಿದವನು ನೋಡಿದ ಕೂಡಲೇ ಇದು ಇಂಥವರ ಅಂಗಳದ ಮುಡಿ ಎಂದು ಹೇಳುತ್ತಾನೆ.

ಕೆಲವು ತಿಂಗಳ ಮೇಲೆ ವ್ಯಾಪಾರಿ ಬೇರೊಂದು ಬಂದರಿಗೆ ಹೋಗಿದ್ದಾಗ, ಅಲ್ಲಿನ ಅಂಗಡಿಯೊಂದರಲ್ಲಿ ತನ್ನ ಅಂಗಳದ ಮುಡಿಗಳನ್ನು ಕಂಡ. ವಿಚಾರಿಸಿದರೆ, ಇಂಥ ತಂಡೇಲ ದಾರಿಯಲ್ಲಿ ಹಡಗು ನಿಲ್ಲಿಸಿ ಮಾರಿ ಹೋದ ಎಂದರು. ವ್ಯಾಪಾರಿಗೆ ಮೈಯೆಲ್ಲ ಉರಿಯಿತು. ಅಂಗಡಿಯಲ್ಲಿ ಇದ್ದದ್ದು ಇಪ್ಪತ್ತು ಮುಡಿ. ಉಳಿದದ್ದು ಎಲ್ಲಿ ಹೋಯಿತು ಎಂದು ಅವನು ಕೇಳಲಿಲ್ಲ. ಕೋಪ ಬಂದವನಿಗೆ ಅರ್ಧ ಕಂಡರೆ ಸಾಕು.

ಊರಿಗೆ ಬಂದು ಎಲ್ಲರಿಗೂ ಹೇಳಿದ. ಜನ ಎದುರಿಗೆ ಅಯ್ಯೋ ಎಂದರು, ಬೆನ್ನ ಹಿಂದೆ ನಕ್ಕರು. ಪುಣ್ಯ ಕಟ್ಟಿಕೊಳ್ಳಲು ಹೋದವನಿಗೆ ಚೆನ್ನಾಗಿ ಟೋಪಿ ಹಾಕಿದರು ಎಂದು ಆಡಿಕೊಂಡರು. ಮೋಸ ಹೋದದ್ದನ್ನು ಅವನು ಮರೆಯುತ್ತಿದ್ದನೋ ಏನೋ. ನಗೆಪಾಟಲಾದದ್ದನ್ನು ಮರೆಯಲಿಲ್ಲ. ಆ ತಂಡೇಲನಿಗೆ ಆ ಬಂದರಿನಲ್ಲಿ ಮತ್ತೆ ಯಾರೂ ಸರಕು ಕೊಡಲಿಲ್ಲ. ಅವನು ಎಲ್ಲಿಗೋ ಹೊರಟುಹೋದ.

ಎಂಟು ವರ್ಷವಾಯಿತು. ಕಡಲು ಮತ್ತೆ ಉಕ್ಕಿತು. ಈ ಸಲ ಮನೆಗಳು ಹೋದವು, ತೆಂಗಿನ ಮರಗಳು ಬುಡ ಸಮೇತ ಹೋದವು, ಬಾವಿಗಳಲ್ಲಿ ಉಪ್ಪುನೀರು ನಿಂತಿತು. ದೋಣಿಗಳೆಲ್ಲ ಒಡೆದು ಹೋದವು. ಬದುಕಿ ಉಳಿದವರಿಗೆ ತಿನ್ನಲು ಏನೂ ಇರಲಿಲ್ಲ, ದ್ವೀಪ ಬಿಟ್ಟು ಹೋಗೋಣವೆಂದರೆ ದಾರಿಯೂ ಇರಲಿಲ್ಲ. ಆ ಕಡೆಯಿಂದ ಹಾದು ಬಂದ ಹಡಗೊಂದು ಇಷ್ಟು ಸುದ್ದಿ ತಂದಿತು.

ವ್ಯಾಪಾರಿ ಈ ಸಲವೂ ಹಿಂದೆಮುಂದೆ ನೋಡದೆ ಅರವತ್ತು ಮುಡಿ ಎತ್ತಿಟ್ಟ. ಆದರೆ ಇದರಲ್ಲಿ ಒಂದು ಕಾಳೂ ಕಳ್ಳನ ಪಾಲಾಗಬಾರದು ಎಂದು ಹಟ ಹಿಡಿದ. ನಂಬಿಕಸ್ಥನನ್ನು ಹುಡುಕಲು ಹೊರಟ. ಹುಡುಕುತ್ತಿದ್ದಾಗ ಆ ದಿಕ್ಕಿಗೆ ನಾಲ್ಕು ಹಡಗು ಹೋದವು. ನಾಲ್ವರು ತಂಡೇಲರಲ್ಲೂ ಅವನಿಗೆ ಒಂದೊಂದು ಕುಂದು ಕಂಡಿತು. ಹನ್ನೊಂದನೆಯ ದಿನ ಐದನೆಯವನು ಸಿಕ್ಕಿದ. ಅವನ ಪ್ರಾಮಾಣಿಕತೆ ಕರಾವಳಿಗೆಲ್ಲ ಗೊತ್ತಿತ್ತು. ಒಮ್ಮೆ ಬಿರುಗಾಳಿಯಲ್ಲಿ ಹಡಗು ಇನ್ನೇನು ಮುಳುಗುತ್ತದೆ ಎನ್ನುವಾಗಲೂ, ಇದು ಪರರ ಸೊತ್ತು ಎಂದು ಒಂದು ಮೂಟೆಯನ್ನೂ ನೀರಿಗೆ ಎಸೆಯಲು ಬಿಡದವನು ಅವನು.

ವ್ಯಾಪಾರಿ ಅವನಿಂದ ದೇವರ ಮುಂದೆ ಮಾತು ತೆಗೆದುಕೊಂಡ. ದಾರಿಯಲ್ಲಿ ಯಾವ ಮುಡಿಯ ಕಟ್ಟನ್ನೂ ಬಿಚ್ಚಬಾರದು. ದ್ವೀಪದ ಯಜಮಾನನ ಕೈಗೇ ಒಪ್ಪಿಸಬೇಕು. ಯಜಮಾನ ತನ್ನ ಉಂಗುರವನ್ನು ಅರಗಿನ ಮೇಲೆ ಒತ್ತಿ ಕೊಟ್ಟ ಗುರುತನ್ನು ತರಬೇಕು.

"ಯಜಮಾನರು ಸಿಗದಿದ್ದರೆ ಏನು ಮಾಡಲಿ?" ಎಂದು ತಂಡೇಲ ಕೇಳಿದ.

"ಸಿಗದಿದ್ದರೆ ಯಾರಿಗೂ ಕೊಡಬೇಡ. ಒಂದು ಸಲ ಕೊಟ್ಟು ಸಾಕಾಗಿದೆ ನನಗೆ" ಎಂದ ವ್ಯಾಪಾರಿ.

ಹಡಗು ಹನ್ನೆರಡನೆಯ ದಿನ ದ್ವೀಪ ಮುಟ್ಟಿತು. ದಡದಲ್ಲಿ ಜನ ನಿಂತಿದ್ದರು. ಯಾರೂ ಕೂಗಲಿಲ್ಲ, ಕೂಗುವ ಶಕ್ತಿ ಯಾರಿಗೂ ಇರಲಿಲ್ಲ. ಒಬ್ಬ ಮುದುಕಿ ಮಾತ್ರ ಮಡಕೆ ಹಿಡಿದುಕೊಂಡು ಸೊಂಟದುದ್ದದ ನೀರಿಗೆ ಇಳಿದು ಹಡಗಿನ ಹತ್ತಿರ ಬಂದಳು. ಯಜಮಾನ ಎಲ್ಲಿ ಎಂದು ತಂಡೇಲ ಅವಳನ್ನು ಕೇಳಿದ.

"ಯಜಮಾನ ಕಡಲಿಗೆ ಹೋದ ಮಗಾ. ಅವನ ಮನೆಮಂದಿಯೂ ಹೋದರು. ನಾವಿಷ್ಟು ಜನ ಉಳಿದದ್ದು" ಎಂದಳು ಮುದುಕಿ.

"ಅಮ್ಮಾ, ಯಜಮಾನರ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟು ಬಂದವನು ನಾನು. ಈ ಅಕ್ಕಿ ನನ್ನದಲ್ಲ."

ಮುದುಕಿ ಅವನ ಮುಖ ನೋಡಿದಳು. ಅವಳಿಗೆ ಏನು ಅರ್ಥವಾಯಿತೋ, ದನಿ ತಗ್ಗಿಸಿ ಹೇಳಿದಳು: "ಎಂಟು ವರ್ಷದ ಹಿಂದೆ ಒಬ್ಬ ಬಂದಿದ್ದ. ಅರ್ಧ ಅಕ್ಕಿ ದಾರಿಯಲ್ಲೇ ಮಾರಿಕೊಂಡಿದ್ದ. ನಮಗೆ ಗೊತ್ತಿತ್ತು, ನಾವು ಏನೂ ಕೇಳಲಿಲ್ಲ. ಉಳಿದದ್ದರಲ್ಲಿ ಗಂಜಿ ಕುಡಿದು ಎಲ್ಲರೂ ಜೀವ ಹಿಡಿದೆವು. ನೀನೂ ನಿನಗೆ ಬೇಕಾದಷ್ಟು ಇಟ್ಟುಕೋ ಮಗಾ. ಅರ್ಧ ಬೇಕಾ, ಮುಕ್ಕಾಲು ಬೇಕಾ, ಇಟ್ಟುಕೋ. ನಾವು ಯಾರಿಗೂ ಹೇಳುವುದಿಲ್ಲ."

ತಂಡೇಲನ ಕಣ್ಣಲ್ಲಿ ನೀರು ಬಂತು. ಅವಳ ಹಸಿವಿಗೂ ಬಂತು, ತನ್ನನ್ನು ಕಳ್ಳನ ಸಾಲಿಗೆ ಸೇರಿಸಿದಳಲ್ಲ ಎಂದೂ ಬಂತು. "ನಾನು ಅಂಥವನಲ್ಲಮ್ಮಾ" ಎಂದ.

ಕೊಡಲೂ ಆಗದೆ, ಬಿಟ್ಟು ಹೊರಡಲೂ ಮನಸ್ಸಾಗದೆ ಅವನು ಮೂರು ದಿನ ಅಲ್ಲಿಯೇ ಉಳಿದ. ಯಜಮಾನನ ಉಂಗುರದ ಮಾತು ಜನರ ಕಿವಿಗೆ ಬಿತ್ತು. ನಿಲ್ಲಲು ತ್ರಾಣವಿಲ್ಲದವರು ದಡದ ಮರಳನ್ನು ಕೈಯಲ್ಲೇ ಬಗೆದು, ಹೆಣಗಳನ್ನು ಹೊರತೆಗೆದು, ಎರಡು ದಿನ ಹುಡುಕಿದರು. ಹುಡುಕುತ್ತಲೇ ಇಬ್ಬರು ಸತ್ತರು. ಮೂರನೆಯ ದಿನ ಉಂಗುರ ಸಿಕ್ಕಿತು. ತಂದು ತಂಡೇಲನ ಅಂಗೈಯಲ್ಲಿ ಇಟ್ಟರು.

ತಂಡೇಲ ಬಹಳ ಹೊತ್ತು ಅದನ್ನು ನೋಡಿದ. ಈ ಉಂಗುರದಿಂದ ತಾನೇ ಗುರುತು ಒತ್ತಿಕೊಳ್ಳಬಹುದಿತ್ತು. ಆದರೆ ಅದು ಸುಳ್ಳು ಗುರುತಾಗುತ್ತದೆ. ಅವನು ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ. ಉಂಗುರವನ್ನು ಅವರಿಗೇ ಹಿಂತಿರುಗಿಸಿದ.

ಅವನಿಗೆ ಕರುಣೆ ಇರಲಿಲ್ಲವೆಂದು ತಿಳಿಯಬೇಡ. ದಾರಿಗೆಂದು ಕಟ್ಟಿಕೊಂಡಿದ್ದ ತನ್ನ ಬುತ್ತಿಯನ್ನು, ಕುಡಿಯುವ ನೀರನ್ನು, ಹೊದೆಯುವ ಬಟ್ಟೆಯನ್ನು ಅವರಿಗೆ ಕೊಟ್ಟುಬಿಟ್ಟ. ಅದು ಅವನದು, ಕೊಡುವ ಹಕ್ಕು ಅವನಿಗಿತ್ತು. ಹಾಗೆ ಕೊಟ್ಟದ್ದು ಹತ್ತು ಮಂದಿಗೆ ಒಂದು ಹೊತ್ತಿಗೆ ಆಯಿತು. ನಾಲ್ಕನೆಯ ದಿನ ಗಾಳಿ ತಿರುಗುವ ಸೂಚನೆ ಕಂಡು ಹಾಯಿ ಬಿಚ್ಚಿದ. ಹಡಗಿನವರು ಕೊಟ್ಟ ಒಂದೆರಡು ಒಣಮೀನು ಅಗಿದುಕೊಂಡು, ಅರವತ್ತು ಮುಡಿ ಅಕ್ಕಿಯ ಪಕ್ಕದಲ್ಲಿ ಹಸಿದು ಮಲಗಿ ಅವನು ಊರಿಗೆ ಬಂದ.

ವ್ಯಾಪಾರಿ ಬಂದರಿಗೆ ಓಡಿ ಬಂದ. ಒಂದೊಂದು ಮುಡಿಯ ಮೇಲೂ ಕೈಯಾಡಿಸಿ ನೋಡಿದ. ಒಂದು ಹುಲ್ಲೆಳೆಯೂ ಸಡಿಲವಾಗಿರಲಿಲ್ಲ. ಎಂಟು ವರ್ಷದಿಂದ ಎದೆಯಲ್ಲಿದ್ದ ಮುಳ್ಳು ಕಿತ್ತು ಬಂದಂತಾಯಿತು. ತಂಡೇಲನನ್ನು ತಬ್ಬಿಕೊಂಡು, "ನಿನ್ನಂಥವನು ಇನ್ನೊಬ್ಬನಿಲ್ಲ" ಎಂದ. ಊರಿನವರು ತಂಡೇಲನಿಗೆ ಶಾಲು ಹೊದಿಸಿದರು. ಹಿಂದೆ ನಕ್ಕವರು ಈಗ ವ್ಯಾಪಾರಿಯನ್ನೂ ಹೊಗಳಿದರು. ಮನುಷ್ಯ ಅಂದರೆ ಹೀಗೆ ಜಾಗರೂಕನಾಗಿರಬೇಕು ಎಂದರು.

ಹೊಗಳಿಕೆಯೆಲ್ಲ ಮುಗಿದ ಮೇಲೆ ವ್ಯಾಪಾರಿಗೆ ನೆನಪಾಯಿತು. "ಅಲ್ಲಿಯ ಜನ ಹೇಗಿದ್ದಾರೆ?" ಎಂದು ಕೇಳಿದ.

"ನಾನು ಹೊರಟಾಗ ಇದ್ದರು" ಎಂದ ತಂಡೇಲ.

ಅವನು ಶಾಲನ್ನು ಹೆಗಲಿನಿಂದ ತೆಗೆದು ನೆಲದ ಮೇಲಿಟ್ಟ. ವ್ಯಾಪಾರಿಗೆ ಆಗ ಎಲ್ಲವೂ ತಿಳಿಯಿತು. ಯಾರಾದರೂ ಹೋಗಿ, ಯಾರಿಗಾದರೂ ಕೊಡಿ, ಹೇಗಾದರೂ ಕೊಡಿ ಎಂದು ಬಂದರೆಲ್ಲ ಓಡಾಡಿದ. ಕಳ್ಳನಾದರೂ ಪರವಾಗಿಲ್ಲ ಎಂದ. ಆದರೆ ಅಷ್ಟರಲ್ಲಿ ಮಳೆಗಾಲ ಕಾಲಿಟ್ಟಿತ್ತು. ಹಡಗುಗಳನ್ನೆಲ್ಲ ದಡಕ್ಕೆ ಎಳೆದಿದ್ದರು. ಆ ನಾಲ್ಕು ತಿಂಗಳು ಆ ಕಡಲಿಗೆ ಯಾರೂ ಇಳಿಯುವುದಿಲ್ಲ.

ಮಳೆಗಾಲ ಕಳೆದ ಮೇಲೆ ಮೊದಲ ಹಡಗು ಹೋಗಿ ನೋಡಿಕೊಂಡು ಬಂತು. ದ್ವೀಪದ ದಡದಲ್ಲಿ ಮಡಕೆಗಳನ್ನು ಸಾಲಾಗಿ ಇಟ್ಟಿದ್ದರಂತೆ. ಜನ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಒಪ್ಪಿಗೆಯಾಗಲಿಲ್ಲ.

"ಹಾಗಾದರೆ ಕಳ್ಳನ ಕೈಗೇ ಕೊಡಬೇಕೆನ್ನುತ್ತೀರಾ ಗುರುಗಳೇ?" ಎಂದ.

"ಹಾಗೆ ಹೇಳಲಿಲ್ಲವಲ್ಲ. ಪಕ್ಕದ ಇನ್ನೊಂದು ದ್ವೀಪಕ್ಕೆಂದು ಅಕ್ಕಿ ಒಯ್ದವನು ಅಷ್ಟನ್ನೂ ಮಾರಿಕೊಂಡ. ಆ ದ್ವೀಪದಲ್ಲೂ ಈಗ ಯಾರೂ ಇಲ್ಲ" ಎಂದರು ಗುರುಗಳು.

ಏನಾದರೂ ಕೇಳಬೇಕಲ್ಲ ಎಂಬಂತೆ ಶಿಷ್ಯ ಕೇಳಿದ: "ಆ ಅರವತ್ತು ಮುಡಿ ಅಕ್ಕಿ ಕೊನೆಗೆ ಯಾರನ್ನು ತಲುಪಿತು?"

"ದಾನಕ್ಕೆಂದು ತೆಗೆದದ್ದನ್ನು ಮನೆಯಲ್ಲಿ ಬೇಯಿಸಬಾರದೆಂದು ವ್ಯಾಪಾರಿ ಅದನ್ನು ನಮ್ಮ ಮಠಕ್ಕೆ ಕೊಟ್ಟ, ನಿನ್ನೆ ಮಧ್ಯಾಹ್ನ ಅನ್ನ ಚೆನ್ನಾಗಿ ಅರಳಿದೆ ಎಂದು ಎರಡನೆಯ ಸಲ ಬಡಿಸಿಕೊಂಡೆಯಲ್ಲ, ಅದೇ ಅಕ್ಕಿ" ಎಂದರು ಗುರುಗಳು.