ಹಿಮ್ಮಡಿಯ ಗೀರು

“ಗುರುಗಳೇ, ನೆಂಟರಿಷ್ಟರೆಲ್ಲ ಕೂತಿದ್ದಾಗ ನಮ್ಮಣ್ಣ ನನ್ನನ್ನು ಕಳ್ಳ ಅಂದುಬಿಟ್ಟ. ಆಮೇಲೆ ಅವನು ತೀರಿಕೊಂಡ. ನಾನು ಕ್ಷಮಿಸಿದ್ದೇನೆ, ಮನಸಾರೆ ಕ್ಷಮಿಸಿದ್ದೇನೆ. ಆದರೂ ಆ ಗಾಯ ಯಾಕೆ ಮಾಯುವುದಿಲ್ಲ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖವನ್ನೊಮ್ಮೆ ನೋಡಿ ಕತೆ ಶುರುಮಾಡಿದರು.

ಒಂದು ಫುಟ್ಬಾಲ್ ಸ್ಟೇಡಿಯಂನಲ್ಲಿ ಹುಲ್ಲು ನೋಡಿಕೊಳ್ಳುವವನೊಬ್ಬನಿದ್ದ. ಆಟದ ಹುಚ್ಚು ಅವನಿಗಿರಲಿಲ್ಲ. ಜನವೆಲ್ಲ ಎದ್ದುನಿಂತು ಗೋಲು ಗೋಲು ಎಂದು ಕೂಗುವಾಗ ಅವನು ಆಟಗಾರರ ಬೂಟುಗಳನ್ನು ನೋಡುತ್ತ ಹಲ್ಲು ಕಡಿಯುತ್ತಿದ್ದ. ಆಟ ಮುಗಿದ ಮೇಲೆ ಹುಲ್ಲು ಕಿತ್ತುಹೋದ ಕಡೆಗೆಲ್ಲ, ಸ್ಟೇಡಿಯಂ ಹಿಂದಿನ ಪಾತಿಯಲ್ಲಿ ಬೆಳೆಸಿದ ಹುಲ್ಲನ್ನು ಮಣ್ಣುಸಮೇತ ಕತ್ತರಿಸಿ ತಂದು ತೇಪೆ ಹಾಕುತ್ತಿದ್ದ. ತೇಪೆ ಬೇರು ಬಿಟ್ಟಿದೆಯೇ ಎಂದು ತಿಳಿಯಲು ಅವನದು ಒಂದೇ ವಿಧಾನ. ಹಿಮ್ಮಡಿ ಊರಿ ಮುಂದಕ್ಕೆ ನೂಕುವುದು. ಜಾರದಿದ್ದರೆ ಹಿಡಿದುಕೊಂಡಿದೆ ಎಂದು ಲೆಕ್ಕ.

ಆ ಸ್ಟೇಡಿಯಂನ ತಂಡದ ಗೋಲ್‌ಕೀಪರನಿಗೂ ಒಂದು ಅಭ್ಯಾಸವಿತ್ತು. ಆಟಕ್ಕೆ ಮುಂಚೆ ಗೋಲಿನ ನಟ್ಟನಡುವಿನಿಂದ ಮುಂದಕ್ಕೆ ಬೂಟಿನ ಹಿಮ್ಮಡಿಯಲ್ಲಿ ಒಂದು ಗೀರು ಎಳೆಯುತ್ತಿದ್ದ. ಹಿಂತಿರುಗಿ ನೋಡದೆಯೇ ತಾನು ಎಲ್ಲಿ ನಿಂತಿದ್ದೇನೆಂದು ತಿಳಿಯಬೇಕಲ್ಲ, ಅದಕ್ಕೆ.

“ಇಷ್ಟು ದೊಡ್ಡ ಗೋಲು ಬೆನ್ನ ಹಿಂದೆ ಇದ್ರೂ ಗೊತ್ತಾಗಲ್ವೇನಯ್ಯ? ಇದೇನು ನಿಮ್ಮಪ್ಪನ ಗದ್ದೆನಾ, ಉಳೋಕೆ?” ಎಂದು ಹುಲ್ಲಿನವನು ಪ್ರತಿಸಲ ರೇಗುತ್ತಿದ್ದ.

ಗೋಲ್‌ಕೀಪರ್ ನಗುತ್ತಿದ್ದ. “ನೀವು ಹೊಲೀತಾ ಇರಿ ಯಜಮಾನ್ರೇ, ನಾನು ಹರೀತಾ ಇರ್ತೀನಿ. ಇಬ್ಬರಿಗೂ ಕೆಲಸ ಇರುತ್ತೆ.”

ಒಂದು ಬೇಸಿಗೆ, ಆಟಗಳಿಲ್ಲದ ಕಾಲದಲ್ಲಿ, ಗೋಲ್‌ಕೀಪರ್ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಹುಲ್ಲಿನವನು ಮಣ್ಣಿಗೆ ಹೋಗಿಬಂದ. ದುಃಖವಾದದ್ದು ಸುಳ್ಳಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ, ಸದ್ಯ, ಇನ್ನು ಗೀರು ಬೀಳುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಆ ಜಾಗಕ್ಕೆ ಒಳ್ಳೆಯ ತೇಪೆ ಹಾಕಿದ. ಕೆಲವೇ ದಿನಗಳಲ್ಲಿ, ಗೋಲಿನ ನಟ್ಟನಡುವಿನಿಂದ ಮುಂದಕ್ಕೆ, ಹಳದಿಯಾದ ಒಂದು ಗೀರು ಕಾಣಿಸಿಕೊಂಡಿತು.

ಕಿತ್ತು ಹೊಸ ತೇಪೆ ಹಾಕಿದ. ಮತ್ತೆ ಅದೇ ಜಾಗ, ಅದೇ ಗೀರು. ಮೈದಾನದಲ್ಲಿ ಅವನು ಅಷ್ಟಾಗಿ ಗಮನ ಕೊಡದ ಬೇರೆ ತೇಪೆಗಳೆಲ್ಲ ನೆಮ್ಮದಿಯಾಗಿ ಬೇರು ಬಿಟ್ಟಿದ್ದವು. ಕಾವಲುಗಾರನನ್ನು ಕೇಳಿದರೆ, “ನಿಮ್ಮನ್ನ ಬಿಟ್ರೆ ಇಲ್ಲಿಗೆ ಯಾರು ಬರ್ತಾರೆ ಸ್ವಾಮಿ, ಕಾಗೆನೂ ಬರಲ್ಲ” ಅಂದ.

ಸ್ಟೇಡಿಯಂನ ಮಾಲೀಕ ಬಂದು ನೋಡಿದ. “ಮೊದಲನೇ ಆಟದ ಹೊತ್ತಿಗೆ ಇದು ಸರಿಯಾಗಿಲ್ಲ ಅಂದ್ರೆ ಪ್ಲಾಸ್ಟಿಕ್ ಹುಲ್ಲು ಹಾಸಿಬಿಡ್ತೀನಿ. ಅದಕ್ಕೆ ನೀರೂ ಬೇಡ, ನೀನೂ ಬೇಡ” ಎಂದು ಹೇಳಿಹೋದ.

ಹುಲ್ಲಿನವನು ಹೊಸ ತೇಪೆ ಹಾಕಿ, ಸುತ್ತಲೂ ಗೆರೆ ಹಾಕುವ ಸುಣ್ಣದ ಪುಡಿಯನ್ನು ಹರಡಿ, ಗೇಟಿಗೆ ಬೀಗ ಹಾಕಿಸಿದ. ಮರುದಿನ ಬೆಳಿಗ್ಗೆ ಪುಡಿ ಹಾಗೇ ಇತ್ತು. ಹುಲ್ಲು ಹಸಿರಾಗಿತ್ತು. ಅವನು ಚಪ್ಪಲಿ ಬಿಟ್ಟು ಮೆಲ್ಲಗೆ ಪುಡಿಯ ಮೇಲೆ ನಡೆದು ಹೋಗಿ, ಗೋಲಿಗೆ ಬೆನ್ನು ಮಾಡಿ ನಿಂತು, ತೇಪೆ ಹಿಡಿದಿದೆಯೇ ಎಂದು ನೋಡಿದ. ಸದ್ಯ ಅಂದುಕೊಂಡು ಹೊರಬಂದ.

ಅದರ ಮರುದಿನ ಗೀರು ಬಂದಿತ್ತು.

ಪುಡಿಯಲ್ಲಿ ಒಬ್ಬನದೇ ಹೆಜ್ಜೆಗಳಿದ್ದವು, ಹೋದವು ಮತ್ತು ಬಂದವು. ಅವನು ಚಪ್ಪಲಿ ಬಿಟ್ಟು ಒಂದು ಹೆಜ್ಜೆಯ ಗುರುತಿನೊಳಗೆ ತನ್ನ ಪಾದ ಇಟ್ಟುನೋಡಿದ. ಬೆರಳಿಗೆ ಬೆರಳು ಕೂತಿತು. ಬೇರು ಹರಿದ ಹುಲ್ಲು ಆ ಕ್ಷಣಕ್ಕೆ ಸುಳಿವು ಕೊಡುವುದಿಲ್ಲ, ಮರುದಿನ ಹಳದಿಯಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಅವನ ಬಾಯಿಂದ ಬಂದ ಮಾತು ಬೇರೆ.

“ಅಯ್ಯೋ, ಸತ್ತವನು ನನ್ನ ಕಾಲಲ್ಲೇ ಬರ್ತಿದ್ದಾನೆ.”

ಮತ್ತೆ ತೇಪೆ ಹಾಕಿದ. ಇನ್ನು ಕಾಲಿಡುವುದಿಲ್ಲ ಎಂದು ಆಣೆ ಮಾಡಿಕೊಂಡ. ಬೆಳಗಾಯಿತು. ದೂರದಿಂದ ನೋಡಿದ, ಹಸಿರಾಗಿತ್ತು. ಹಸಿರು ನೋಡಿ ನಂಬುವುದು ಹೇಗೆ? ಬೇರು ಬಿಟ್ಟಿದೆಯೋ ಇಲ್ಲವೋ, ಕಾಲಿಡದೆ ತಿಳಿಯುವುದು ಹೇಗೆ? ಅಷ್ಟರಲ್ಲಿ ಅವನು ಗೋಲಿಗೆ ಬೆನ್ನು ಮಾಡಿ ನಿಂತಿದ್ದ. ಹಿಂತಿರುಗಿ ನೋಡದೆಯೇ ಅವನಿಗೆ ಗೊತ್ತಿತ್ತು, ನಿಂತಿರುವುದು ನಟ್ಟನಡುವೆ. ಹಿಮ್ಮಡಿ ತಾನಾಗಿ ಇಳಿಯಿತು.

ಮೊದಲನೇ ಆಟಕ್ಕೆ ಮುಂಚೆ ಮಾಲೀಕ ಬಂದು ಗೀರನ್ನು ನೋಡಿದ. ಹುಲ್ಲನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಹಾಸಿದರು. ಹುಲ್ಲಿನವನನ್ನು ಕುರ್ಚಿ ಒರೆಸುವ ಕೆಲಸಕ್ಕೆ ಹಾಕಿದರು. ಬೆಳಿಗ್ಗೆ ಕುರ್ಚಿಗಳನ್ನು ಒರೆಸಿ ಮುಗಿಸಿ, ಕೈ ತೊಳೆದು, ಅವನು ಮೆಟ್ಟಿಲಿಳಿದು ಗೋಲಿನ ಹತ್ತಿರ ಹೋಗುತ್ತಾನೆ. ಸುಮ್ಮನೆ, ಒಂದು ಸಲ ನೋಡಿ ಬರೋಣ ಎಂದು.

ಗುರುಗಳು ನಿಲ್ಲಿಸಿದರು.

“ಪ್ಲಾಸ್ಟಿಕ್ಕಿನ ಮೇಲೂ ಗೀರು ಬಿತ್ತೇ, ಗುರುಗಳೇ?”

“ಅದಿರಲಿ, ಇವತ್ತು ಬೆಳಿಗ್ಗೆ ಎದ್ದ ಕೂಡಲೇ ನೀನು ಗಾಯ ಮಾಯಿತೇ ಅಂತ ಮುಟ್ಟಿ ನೋಡಿಕೊಂಡೆಯಾ?”