ಲೂಣಿ ನದಿ ಉಪ್ಪಾದದ್ದು

ಭೂಮಿಯ ಮೈ ಇನ್ನೂ ಸರಿಯಾಗಿ ಆರಿರದ ಕಾಲ. ಈಗ ಮರುಭೂಮಿ ಇರುವಲ್ಲಿ ಆಗ ಕಡಲಿತ್ತು ಅಂದರೆ ನಂಬುತ್ತೀರಾ? ನಂಬಲೇಬೇಕು! ಗಡಿ ಇರಲಿಲ್ಲ, ಬೇಲಿ ಇರಲಿಲ್ಲ. ಅರಾವಳಿ ಬೆಟ್ಟದ ಬುಡದಿಂದ ಕಣ್ಣು ಹಾಯುವಷ್ಟು ದೂರ ಬರೀ ನೀರು.

ಒಂದು ದಿನ ಕಡಲಿಗೆ ಏನನ್ನಿಸಿತೋ ಏನೋ, ಎದ್ದು ಪಡುವಣಕ್ಕೆ ಹೊರಟೇಬಿಟ್ಟಿತು. ಹೋಗುವ ಗಡಿಬಿಡಿಯಲ್ಲಿ ತನ್ನ ಉಪ್ಪನ್ನು ಇಲ್ಲೇ ಬಿಟ್ಟಿತು. ಗಾಳಿ ಬಂದು ಅದರ ಮೇಲೆ ಮರಳು ಹೊದಿಸಿತು. ಮತ್ತೆ ಬಂತು, ಮತ್ತೆ ಹೊದಿಸಿತು. ಉಪ್ಪು ಆಳದಲ್ಲಿ ಹೂತುಹೋಯಿತು.

ಆ ಮರಳಿನ ಮೇಲೆ ಒಂಟೆ ಸಾಕುವ ರೈಕಾ ಜನ ಬಂದು ನೆಲೆಸಿದರು. ಅವರಲ್ಲಿ ಧಾಪು ಅಂತ ಒಬ್ಬ ಹೆಂಗಸು. ಅವಳಿಗಿದ್ದದ್ದು ಒಂದೇ ಹೆಣ್ಣೊಂಟೆ, ಅದಕ್ಕೊಂದು ಎಳೆ ಮರಿ. ಪಾಪ, ಆ ಮರಿ ಏಳಲಾರದೆ ಬಿದ್ದುಕೊಂಡಿತ್ತು. ಸುಮ್ಮನೆ ಕಲ್ಲು ನೆಕ್ಕುತ್ತಿತ್ತು. ಉಪ್ಪು ಸಿಗದಿದ್ದರೆ ಒಂಟೆಯ ಕಾಲಲ್ಲಿ ಕಸುವೇ ಇರುವುದಿಲ್ಲ. ಮರಿ ಹೋದರೆ ತಾಯಿ ಹಾಲು ಬಿಡುವುದಿಲ್ಲ. ಹಾಲು ನಿಂತರೆ ಧಾಪುವಿನ ಮನೆಯವರಿಗೆ ಬೇರೆ ಊಟವೇ ಇಲ್ಲ.

ಆ ದಿನ ಸಿಕ್ಕ ಚೂರುಪಾರು ಹಾಲನ್ನು ಧಾಪು ತಮ್ಮವರ ರೂಢಿಯಂತೆ ಎಕ್ಕದ ಎಲೆ ಮಡಿಸಿ ಅದರಲ್ಲಿ ಹಿಡಿದಿದ್ದಳು. ಮರಿಯ ಬಾಯಿಗೆ ಬಿಡಬೇಕು ಅನ್ನುವಷ್ಟರಲ್ಲಿ ಜುಳುಜುಳು ಸದ್ದಾಯಿತು. ನೋಡಿದರೆ, ಮರಳಿನ ಮೇಲೆ ಒಂದು ನದಿ ನಡೆದು ಬರುತ್ತಿದೆ! ಧಾಪು ಅದುವರೆಗೆ ನದಿಯನ್ನೇ ಕಂಡವಳಲ್ಲ.

"ಅಕ್ಕಾ, ನಾನು ಲೂಣಿ, ಅರಾವಳಿಯ ಮಗಳು. ಕಡಲು ಸೇರಬೇಕು. ನಡೆದೂ ನಡೆದೂ ಸುಸ್ತಾಗಿ ಹೋಯ್ತು" ಅಂದಳು ನದಿ.

ರೈಕಾ ಜನ ಹಾಲು ಮಾರುವವರಲ್ಲ. ದಣಿದು ಬಂದವರಿಗೆ ಮೊದಲು ಹಾಲು, ಆಮೇಲೆ ಮಾತು. ಧಾಪು ಹಿಂದುಮುಂದು ನೋಡಲೇ ಇಲ್ಲ. "ಕುಡಿ ತಂಗಿ" ಅಂತ ಎಲೆಯಲ್ಲಿದ್ದ ಹಾಲಷ್ಟನ್ನೂ ನದಿಗೆ ಸುರಿದಳು.

ಅವಳ ಅತ್ತೆ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ! ತಲೆ ನೆಟ್ಟಗಿದೆಯೇನೇ? ಹರಿಯೋ ನೀರಿಗೆ ಯಾರಾದರೂ ಹಾಲು ಕುಡಿಸ್ತಾರಾ? ಈಗ ಮರಿಗೇನು ಕೊಡ್ತೀಯ?"

ಧಾಪುವಿನ ಕೈಯಲ್ಲಿ ಬರಿದಾದ ಎಲೆ ಇತ್ತು. ಆದರೂ, "ದಣಿದು ಬಂದಿದ್ದಳು ಅತ್ತೆ. ಹಾಗೇ ಹೇಗೆ ಕಳಿಸಲಿ?" ಅಂದಳು.

ನದಿ ನಿಂತುಬಿಟ್ಟಳು. ಬೆಟ್ಟದಿಂದ ಇಲ್ಲಿಯವರೆಗೆ ಎಲ್ಲರೂ ಅವಳನ್ನು ಕುಡಿದವರೇ. ಜಿಂಕೆ ಕುಡಿದಿತ್ತು, ನವಿಲು ಕುಡಿದಿತ್ತು, ಮರ ಬೇರು ಚಾಚಿ ಕುಡಿದಿತ್ತು. ಅವಳಿಗೆ ಕುಡಿಯಲು ಕೊಟ್ಟವಳು ಇವಳೊಬ್ಬಳೇ. ಲೂಣಿಗೆ ಅಳುವೇ ಬಂತು.

"ಅಕ್ಕಾ, ಮರಿಗೆ ಏನು ಬೇಕು?"

"ಉಪ್ಪು ಬೇಕಮ್ಮ. ಅದು ಯಾರ ಕೈಗೂ ಎಟುಕದಷ್ಟು ಆಳದಲ್ಲಿದೆ."

ಲೂಣಿ ಮರಳಿನೊಳಗೆ ಇಳಿಯತೊಡಗಿದಳು. ಗಾಳಿ ಓಡಿ ಬಂತು. "ಬೇಡ ಕಣೇ ಹುಡುಗಿ! ಈ ಮರಳು ನಿನ್ನನ್ನು ಹೀರಿಬಿಡುತ್ತೆ. ನೀನು ಕಡಲು ಸೇರೋದಿಲ್ಲ!"

"ಗೊತ್ತು" ಅಂದಳು ಲೂಣಿ. ಇಳಿದೇ ಇಳಿದಳು.

ಧಾಪುವಿನ ಕಾಲ ಕೆಳಗೆ ನೆಲ ಗುಡುಗಿತು. ಸುತ್ತಲಿನ ಮರಳೆಲ್ಲ ಒದ್ದೆಯಾಗಿ ಕಪ್ಪಾಯಿತು. ಆಮೇಲೆ, ಅಬ್ಬಾ! ನೆಲದೊಳಗಿಂದ ಬೆಳ್ಳಗೆ ಹೊಳೆಯುತ್ತಾ ಉಪ್ಪು ಮೇಲೆದ್ದು ಬಂತು. ಹಾಡಹಗಲಲ್ಲಿ ಬೆಳ್ದಿಂಗಳು ಚೆಲ್ಲಿದ ಹಾಗೆ ಬಯಲೆಲ್ಲ ಹರಡಿತು. ಅದರ ನಡುವೆ ಉಪ್ಪು ಹೀರಿ ಬೆಳೆಯುವ ಉಪ್ಪಿನ ಗಿಡಗಳು ಚಿಗುರಿದವು. ಧಾಪು ಒಂದಿಷ್ಟು ಉಪ್ಪು, ಚಿಗುರು ತಂದು ಮರಿಯ ಬಾಯಿಯ ಮುಂದೆ ಹಿಡಿದಳು.

ಮರಿ ನೆಕ್ಕಿತು. ಒಂದು ಚಿಗುರು ಜಗಿಯಿತು. ಹಿಂಗಾಲು ಊರಿತು, ಮುಗ್ಗರಿಸಿತು, ಮತ್ತೆ ಊರಿತು. ಎದ್ದು ನಿಂತಿತು! ಬೈಯುತ್ತಿದ್ದ ಅತ್ತೆ ನದಿ ಇಳಿದ ಕಡೆಗೆ ತಿರುಗಿ ಕೈ ಮುಗಿದಳು.

ಲೂಣಿ ಬಡಕಲಾಗಿ ಮೇಲೆ ಬಂದಳು, ಮೈಯೆಲ್ಲ ಉಪ್ಪಾಗಿತ್ತು. ಇನ್ನಷ್ಟು ದೂರ ತೆವಳಿ, ರಣ್ ಎಂಬ ಜೌಗು ಬಯಲಿನಲ್ಲಿ ಮಲಗಿಬಿಟ್ಟಳು. ಕಡಲು ಅವಳಿಗೆ ಸಿಗಲೇ ಇಲ್ಲ.

ಅದಕ್ಕೇ ಮಕ್ಕಳೇ, ಬೆಟ್ಟದಲ್ಲಿ ಸಿಹಿಯಾಗಿರುವ ಲೂಣಿ ಮರಳಿಗೆ ಬಂದ ಮೇಲೆ ಉಪ್ಪಾಗುತ್ತಾಳೆ. ಕಡಲು ಸೇರದ ಆ ನದಿಯ ದಂಡೆಯಲ್ಲಿ ಇವತ್ತಿಗೂ ಒಂಟೆಮರಿಗಳು ಉಪ್ಪಿನ ಗಿಡ ಮೇಯುತ್ತಾ ಗಟ್ಟಿಯಾಗಿ ನಿಂತಿರುತ್ತವೆ.